ಕಿವಿರಿನ ಬಿಳಿ

ಬೆಳಿಗ್ಗೆ ಅಂಗಡಿಯ ಹುಡುಗಿ ಕೇಳದೆಯೇ ಒಂದೇ ಒಂದು ದಾಲ್ಚಿನ್ನಿ ಬನ್ನನ್ನು ಕಾಗದದ ಚೀಲಕ್ಕೆ ಹಾಕಿ ಕೊಟ್ಟಿದ್ದು ಐಲಿವ್‌ನ ತಲೆಯಿಂದ ಇನ್ನೂ ಇಳಿದಿರಲಿಲ್ಲ. ಎಷ್ಟೋ ವರ್ಷಗಳಿಂದ ಎರಡು ಕೊಡುತ್ತಿದ್ದವಳು. ಹೆಂಡತಿ ಹೆರ್ಬೋರ್ಗ್ ವಸಂತದಲ್ಲಿ ತೀರಿಕೊಂಡ ಮೇಲೂ ಬೇಸಿಗೆಯುದ್ದಕ್ಕೂ ಎರಡನ್ನೇ ಕೊಡುತ್ತಿದ್ದಳು. ಅವನೂ ಬೇಡವೆನ್ನದೆ ತೆಗೆದುಕೊಂಡು, ಒಂದನ್ನು ತಿಂದು ಇನ್ನೊಂದನ್ನು ಧಕ್ಕೆಯ ಮೇಲಿನ ಕಡಲಹಕ್ಕಿಗಳಿಗೆ ಎಸೆಯುತ್ತಿದ್ದ. ಇವತ್ತು ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು, ಇಲ್ಲವೇ ಅವಳಿಗೇ ಹೊಳೆದಿರಬೇಕು. ಚೀಲ ಕೊಡುವಾಗ ಮುಖ ನೋಡಲಿಲ್ಲ. ಪಾಪ, ಅವಳದ್ದೇನೂ ತಪ್ಪಿಲ್ಲ. ಆದರೂ ಅಂಗಡಿಯಲ್ಲಿದ್ದವರೆಲ್ಲ ತನ್ನ ಕೈಯಲ್ಲಿದ್ದ ಆ ಹಗುರ ಚೀಲವನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವನ ಕಿವಿ ಬಿಸಿಯಾಯಿತು. ಬನ್ನನ್ನು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ. ಈಗ ಅದು ಅವನ ಕೋಟಿನ ಜೇಬಿನಲ್ಲಿ ಜಜ್ಜಿಹೋಗಿ ಬೆಚ್ಚಗೆ ಕೂತಿತ್ತು.

ದೋಣಿ ನಡೆಸುತ್ತಿದ್ದವಳು ಯೂರುನ್, ಹೆರ್ಬೋರ್ಗ್‌ಳ ತಂಗಿ. ಸ್ಕಾರ್ವೊಯ್ ದ್ವೀಪದ ಈ ಸಾಲ್ಮನ್ ಸಾಕಣೆಯಲ್ಲಿ ಮೂವರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು, ಈಗ ಇಬ್ಬರು. ಯೂರುನ್ ಇವತ್ತು ಒಂದು ಮಾತೂ ಆಡಿರಲಿಲ್ಲ. ಮಾತಾಡದಿರುವುದು ಈ ಕಡಲಂಚಿನವರಿಗೆ ದೊಡ್ಡ ವಿಷಯವೇನಲ್ಲ, ಆದರೆ ಅವಳ ಬೆನ್ನೇ ಏನೋ ಹೇಳುತ್ತಿತ್ತು. ಗಾಳಿಯಿರಲಿಲ್ಲ. ಸೆಪ್ಟೆಂಬರ್ ಮುಗಿಯುತ್ತ ಬಂದರೂ ನೀರು ಬೇಸಿಗೆಯ ಬಿಸಿಯನ್ನು ಬಿಟ್ಟಿರಲಿಲ್ಲ, ಅದೇ ಕಷ್ಟ. ಮೀನಿನ ಕಿವಿರಿಗೆ ಅಂಟಿ ಉಸಿರುಕಟ್ಟಿಸುವ ಅಮೀಬಾಕ್ಕೆ ಇಂಥ ನೀರೆಂದರೆ ಹಬ್ಬ. ದೂರದಿಂದ ಪಂಜರಗಳ ಸುತ್ತಲಿನ ದುಂಡು ಕಂಬಿಗಳು ಕಂಡವು. ಐದು ಪಂಜರಗಳಲ್ಲಿ ಮೀನು ನೆಗೆಯುತ್ತಿತ್ತು, ಬಿದ್ದು ಚಟ್ಟೆಂದು ಸದ್ದು ಮಾಡುತ್ತಿತ್ತು. ಆರನೆಯದರಲ್ಲಿ ನೀರು ಎಣ್ಣೆ ಸುರಿದಂತೆ ಸುಮ್ಮನಿತ್ತು. ಅವನು ಆ ಕಡೆ ನೋಡದೆ ಹಗ್ಗ ಸುತ್ತುತ್ತ ಕೂತ, ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತಿದ.

ಆರನೆಯ ಪಂಜರದ ಮೀನನ್ನು ಕಡಲಿಗೆ ಇಳಿಸಿದವಳು ಹೆರ್ಬೋರ್ಗ್. ಹೋದ ಶರತ್ಕಾಲದಲ್ಲಿ, ಟ್ಯಾಂಕಿನ ಹಡಗು ಪಕ್ಕಕ್ಕೆ ಬಂದು ನಿಂತು, ದಪ್ಪ ಪೈಪಿನಿಂದ ಬೆರಳುದ್ದಕ್ಕಿಂತ ಸ್ವಲ್ಪವೇ ದೊಡ್ಡ ಮರಿಗಳು ಬೆಳ್ಳಿಯ ಹಾಗೆ ಸುರಿಯುತ್ತಿದ್ದಾಗ, ಅವಳು ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹಲಗೆಯ ಮೇಲೆ ಮಂಡಿಯೂರಿ ಕೂತು, ಹೋಗಿ ಹೋಗಿ, ನಾಚ್ಕೋಬೇಡಿ, ತಿಂದು ದಪ್ಪ ಆಗಿ ಅನ್ನುತ್ತಿದ್ದಳು. ಹಡಗಿನವರು ನಕ್ಕಿದ್ದರು. ಎದ್ದೇಳುವಾಗ ಸೊಂಟ ಹಿಡಿದುಕೊಂಡಳು; ಏನಾಯ್ತೇ ಎಂದರೆ ಕುರ್ಚಿ ಸರಿ ಇಲ್ಲ, ದಿನವಿಡೀ ಪರದೆ ಮುಂದೆ ಕೂತು ಕೂತು ಹೀಗಾಗಿದೆ ಎಂದಳು. ಪಂಜರಗಳ ಪಕ್ಕ ತೇಲುವ ಮೇವಿನ ಬಾರ್ಜಿನಲ್ಲಿ ಅವಳದ್ದೇ ಕೋಣೆ. ನೀರೊಳಗಿನ ಕ್ಯಾಮೆರಾ ನೋಡುತ್ತ ಯಾವ ಪಂಜರಕ್ಕೆ ಹಸಿವಾಗಿದೆ, ಯಾವುದಕ್ಕೆ ಸಾಕಾಗಿದೆ ಎಂದು ತಿಳಿದು ಮೇವಿನ ಗುಳಿಗೆ ಬಿಡುವುದು ಅವಳ ಕೆಲಸ. ಅವನು ಪೇಟೆಗೆ ಹೋಗಿ ಒಂದು ಮೆತ್ತೆ ತಂದುಕೊಟ್ಟ. ಒಳ್ಳೆಯ ಮೆತ್ತೆ, ಅಂಗಡಿಯವನು ಬೆನ್ನುನೋವಿಗೆಂದೇ ಮಾಡಿದ್ದು ಎಂದಿದ್ದ. ಆರು ವಾರ ಅವಳು ಆ ಮೆತ್ತೆಯ ಮೇಲೆ ಕೂತಳು, ಎಲುಬಿನೊಳಗೆ ಏನು ಬೆಳೆಯುತ್ತಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಮತ್ತು ದಿನವೂ ಸಂಜೆ ಅವನು ಹೇಗಿದೆ ಎಂದು ಕೇಳುತ್ತಿದ್ದ, ಅವಳು ಪರವಾಗಿಲ್ಲ ಎನ್ನುತ್ತಿದ್ದಳು.

ಈ ಕರಾವಳಿಯವರು ಬಾಯಿಬಿಟ್ಟು ಚೆನ್ನಾಗಿದೆ ಎನ್ನುವವರಲ್ಲ, ಕೆಟ್ಟಿದೆ ಎನ್ನುವವರೂ ಅಲ್ಲ. ಮಗಳ ಮದುವೆ ಊಟ ಹೇಗಿತ್ತು? ಪರವಾಗಿಲ್ಲ. ದೋಣಿ ಮುಳುಗಿತಂತಲ್ಲ? ಪರವಾಗಿಲ್ಲ, ದಡ ಹತ್ತಿರ ಇತ್ತು. ಒಂದೇ ಮಾತಿನಲ್ಲಿ ಹುಟ್ಟಿನಿಂದ ಸಾವಿನವರೆಗೆ ಸಂಸಾರ ಸಾಗಿಸುವ ಜನ. ಅದರ ಅರ್ಥವೆಲ್ಲ ಹೇಳುವ ರೀತಿಯಲ್ಲಿರುತ್ತದೆ, ಹೊರಗಿನವರಿಗೆ ಆ ರೀತಿ ದಕ್ಕುವುದಿಲ್ಲ. ಹೆರ್ಬೋರ್ಗ್‌ಳ ಬಾಯಲ್ಲಿ ಅದು ಏಳೆಂಟು ಬಗೆಯಾಗುತ್ತಿತ್ತು, ಅವನಿಗೆ ಎಲ್ಲವೂ ಗೊತ್ತಿದ್ದವು. ತಲೆಯಾಡಿಸಿ ಹೇಳಿದರೆ ಖುಷಿ. ಪಾತ್ರೆ ತೊಳೆಯುತ್ತ ಹೇಳಿದರೆ ಸಿಟ್ಟು. ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತ, ಅರ್ಧ ಮಾತನ್ನು ನುಂಗಿದ ಹಾಗೆ ಹೇಳಿದರೆ ಅದು ಇನ್ನು ತಡೆಯಲಾರೆ ಎಂದು. ಹೆರಿಗೆಯ ದಿನ ಹಾಗೆ ಹೇಳಿದ್ದಳು, ಆ ಮಗು ಉಳಿಯಲಿಲ್ಲ, ಮಣ್ಣು ಮಾಡಿ ಬಂದ ದಿನವೂ ಹಾಗೇ ಹೇಳಿದ್ದಳು. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಜರ್ಮನಿಯವರು, ಒಳ್ಳೆಯ ಮನುಷ್ಯ, ಭಾಷೆಯನ್ನು ಪುಸ್ತಕದಿಂದ ಶುದ್ಧವಾಗಿ ಕಲಿತವರು. ಬೆಳಿಗ್ಗೆ ಬಂದು ಮಂಚದ ಪಕ್ಕ ಬಗ್ಗಿ, ನೋವು ಹೇಗಿದೆ ಎಂದು ಕೇಳುತ್ತಿದ್ದರು. ಅವಳು ಉಸಿರನ್ನು ಒಳಕ್ಕೆ ಎಳೆದುಕೊಂಡು ಪರವಾಗಿಲ್ಲ ಎನ್ನುತ್ತಿದ್ದಳು. ಒಳ್ಳೆಯದು, ಹಾಗಾದರೆ ಮದ್ದು ಇಷ್ಟೇ ಇರಲಿ ಎಂದು ಡಾಕ್ಟರು ನಗುತ್ತಿದ್ದರು. ಐಲಿವ್ ಕಿಟಕಿಯ ಬಳಿ ಕುರ್ಚಿಯಲ್ಲಿ ಟೋಪಿ ಹಿಡಿದುಕೊಂಡು ಕೂತಿರುತ್ತಿದ್ದ. ಅವನಿಗೆ ಗೊತ್ತಿತ್ತು. ಯೂರುನ್ ಬರುತ್ತಿದ್ದದ್ದು ಮಧ್ಯಾಹ್ನ, ಬೆಳಿಗ್ಗೆ ಆ ಕೋಣೆಯಲ್ಲಿ ಆ ಮಾತಿನ ಅರ್ಥ ಗೊತ್ತಿದ್ದವನು ಅವನೊಬ್ಬನೇ. ಡಾಕ್ಟರೇ, ಅವಳು ಹೇಳ್ತಿರೋದು ಹಾಗಲ್ಲ ಎಂದರೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಡಾಕ್ಟರು ಕೇಳಿಸಿಕೊಂಡ ಅರ್ಥವೇ ನಿಜವಾಗಿರಲಿ ಎಂದು ಅವನಿಗೂ ಆಸೆಯಿತ್ತು, ಬೇರೇನಲ್ಲ.

“ಇಳೀತಿಯೋ, ಅಲ್ಲೇ ಮೊಟ್ಟೆ ಇಡ್ತೀಯೋ?” ಎಂದಳು ಯೂರುನ್. ದೋಣಿ ಯಾವಾಗಲೋ ಆರನೆಯ ಪಂಜರಕ್ಕೆ ತಾಗಿ ನಿಂತಿತ್ತು.

ಮೀನಿನ ಡಾಕ್ಟರು ಯೇವಾ ಆಗಲೇ ಬಂದು ಹಲಗೆಯ ಮೇಲೆ ತೊಟ್ಟಿಯಿಟ್ಟು ಮಂಪರಿನ ಮದ್ದು ಬೆರೆಸುತ್ತಿದ್ದಳು. ಲಿಥುವೇನಿಯಾದ ಹೆಣ್ಣು, ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ. ಆರು ಸಾಕಣೆಗಳಿಗೆ ಒಬ್ಬಳೇ ಆದ್ದರಿಂದ ಇಲ್ಲಿಗೆ ತಿಂಗಳಿಗೊಮ್ಮೆ ಬರುವವಳು, ಉಳಿದಂತೆ ಸೋಮವಾರ ಸೋಮವಾರ ಫೋನು. ಕಿವಿರು ಹೇಗಿದೆ ಐಲಿವ್? ಪರವಾಗಿಲ್ಲ. ಸರಿ, ಹಾಗಾದ್ರೆ ಮುಂದಿನ ವಾರ ನೋಡೋಣ. ಮೂರು ಸೋಮವಾರ ಹೀಗೇ ಕಳೆದಿತ್ತು. ಕೆಲಸದ ಕ್ರಮ ಹಳೆಯದು. ಕೈಬಲೆಯಲ್ಲಿ ಹಿಡಿದ ಮೀನು ತೊಟ್ಟಿಯಲ್ಲಿ ಮಂಪರಿಗೆ ಬಂದ ಮೇಲೆ ಅವನು ಎತ್ತಿಕೊಂಡು, ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಸರಿಸಿ, ಕೆಂಪು ಎಳೆಗಳ ಮೇಲೆ ಬಿಳಿ ಲೋಳೆಯ ಮಚ್ಚೆ ಎಷ್ಟಿದೆ ನೋಡಿ ಸೊನ್ನೆಯಿಂದ ಐದರವರೆಗೆ ಒಂದು ಅಂಕ ಕೂಗಬೇಕು. ಯೂರುನ್ ಅದನ್ನು ಟ್ಯಾಬಿನಲ್ಲಿ ಒತ್ತಬೇಕು. ಸೊನ್ನೆಯೆಂದರೆ ಮಚ್ಚೆಯೇ ಇಲ್ಲ. ಮೂರು ಎಂದರೆ ಟ್ಯಾಂಕಿನ ಹಡಗು ಕರೆಸಿ ಸಿಹಿನೀರಿನ ಸ್ನಾನ. ಅದಕ್ಕೂ ಮೇಲೆ ಹೋದರೆ ಮಾತಾಡಿ ಪ್ರಯೋಜನವಿಲ್ಲ. ಮೂರು ವಾರದಿಂದ ಅವನು ಒಂದು, ಎರಡು, ಎರಡು, ಒಂದು ಎಂದು ಕೂಗಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಲಿಲ್ಲ, ಅದೇ ವಿಚಿತ್ರ. ಕಣ್ಣಿಗೆ ಮೂರು ಕಂಡರೂ ಬಾಯಿಗೆ ಬರುವಷ್ಟರಲ್ಲಿ ಅದು ಎರಡಾಗುತ್ತಿತ್ತು. ಸ್ನಾನ ಮಾಡಿಸಿದರೆ ಪೈಪಿನಲ್ಲಿ ಎಳೆಯುವಾಗಲೇ ಒಂದಷ್ಟು ಸಾಯುತ್ತವೆ, ಯಾತಕ್ಕೆ, ಇನ್ನೊಂದು ವಾರದಲ್ಲಿ ನೀರು ತಣ್ಣಗಾಗುತ್ತದೆ, ತಾನಾಗಿ ಸರಿಹೋಗುತ್ತದೆ. ಹೆರ್ಬೋರ್ಗ್ ಇಳಿಸಿದ ಮೀನು. ಅವಳ ಕೈಯಲ್ಲಿ ತಿಂದ ಮೀನು. ಲಕ್ಷಗಟ್ಟಲೆ ಮೀನಿನ ಮೇಲೆ ಯಾರಾದರೂ ಪ್ರೀತಿ ಇಟ್ಟುಕೊಳ್ಳುತ್ತಾರೆಯೇ, ಬಾರ್ಜಿನ ಹುಡುಗರಿಗೆ ಗೊತ್ತಾದರೆ ವರ್ಷವಿಡೀ ನಗುತ್ತಾರೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಈಗ ನೋಡದೆ ವಿಧಿಯಿರಲಿಲ್ಲ. ಪಂಜರದ ಅಂಚಿನಲ್ಲಿ ಮೀನುಗಳು ಮೇಲಕ್ಕೆ ಬಂದು, ಹರಿವಿಗೆ ಮುಖ ಮಾಡಿ, ಬಾಯಿ ತೆರೆದುಕೊಂಡು ನೇತಾಡುತ್ತಿದ್ದವು. ಈಜುತ್ತಿರಲಿಲ್ಲ. ಕಿವಿರಿನ ಮುಚ್ಚಳಗಳು ಎರಡೂ ಕಡೆ ಉಬ್ಬಿ ನಿಂತಿದ್ದವು. ಸಣ್ಣದೊಂದು ಅವನ ಬೂಟಿನ ಕೆಳಗೇ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿತು, ನೀರು ಒಳಕ್ಕೆ ಹೋಗುತ್ತಿತ್ತು, ಉಸಿರು ಮಾತ್ರ ಸಿಗುತ್ತಿರಲಿಲ್ಲ. ಬಲೆ ಇಳಿಸಿದ. ಅವು ತಪ್ಪಿಸಿಕೊಳ್ಳಲೂ ಇಲ್ಲ. ಸಾಲ್ಮನ್ ಬಲೆಗೆ ತಾನಾಗಿ ಬಂದು ಕೂರುವುದನ್ನು ಅವನು ಇಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಮೊದಲನೆಯದನ್ನು ಎತ್ತಿಕೊಂಡು ಮುಚ್ಚಳ ಸರಿಸಿದ. “ಎರಡು,” ಎಂದ.

ಯೂರುನ್ ಒತ್ತಲಿಲ್ಲ.

“ಎರಡು ಅಂದೆ.”

“ಕೇಳಿಸ್ತು.” ಅವಳು ಕೈಗವಸಿನ ಬೆರಳನ್ನು ಟ್ಯಾಬಿನ ಮೇಲೆ ಎತ್ತಿ ಹಿಡಿದೇ ನಿಂತಿದ್ದಳು. “ಮೂರು ವಾರದಿಂದಾನೂ ಕೇಳಿಸ್ತಾ ಇದೆ. ನಾನು ಕುರುಡಿ ಅಲ್ಲ ಐಲಿವ್. ನೀನು ಕೂಗಿದ್ದನ್ನೆಲ್ಲ ಬಾಯ್ಮುಚ್ಕೊಂಡು ಒತ್ತಿದೀನಿ. ಇವತ್ತು ನನ್ ಕೈಲಿ ಆಗಲ್ಲ.”

ಯೇವಾ ತೊಟ್ಟಿಯಿಂದ ತಲೆಯೆತ್ತಿದಳು. ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಂದು ಅವನ ಕೈಯಲ್ಲಿದ್ದ ಮೀನಿನ ಮೇಲೆ ಬಗ್ಗಿ, ಅವನ ಹೆಬ್ಬೆರಳನ್ನೇ ತನ್ನ ಬೆರಳಿನಿಂದ ಮೆಲ್ಲಗೆ ಇನ್ನಷ್ಟು ಹಿಂದಕ್ಕೆ ಸರಿಸಿದಳು. ಕೆಂಪು ಎಂಬುದು ಅಲ್ಲಿ ಹುಡುಕಬೇಕಿತ್ತು. ಹಳೆಯ ಗಂಜಿ ಮೆತ್ತಿದಂತೆ ಬೆಳ್ಳಗೆ, ದಪ್ಪಗೆ, ಎಳೆ ಎಳೆಯೂ ಅಂಟಿಕೊಂಡಿತ್ತು.

“ಇದು ಎರಡಾ?” ಎಂದಳು. ಗದರುವ ದನಿಯಲ್ಲ, ನಿಜವಾಗಿಯೂ ಕೇಳುವ ದನಿ. ಈ ಊರಲ್ಲಿ ಎರಡಕ್ಕೆ ಬೇರೆ ಅರ್ಥವಿದೆಯೇನೋ, ತನಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಕಂಪನಿಯವರಿಗೆ ಹೇಳುತ್ತೇನೆ ಎಂದಿದ್ದರೆ ಹೇಳಿಕೋ ಹೋಗು ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಬಗ್ಗಿದ ಡಾಕ್ಟರ ಮುಖ ಹೀಗೇ ಇತ್ತು, ಹೇಳಿದ್ದನ್ನು ನಂಬಲು ತಯಾರಾಗಿರುವ ಮುಖ. ಇವಳಿಗೆ ಈಗ ಹೂಂ, ಎರಡು ಎಂದರೂ ಒಂದು ಕ್ಷಣ ತನ್ನ ಕಣ್ಣನ್ನೇ ಅನುಮಾನಿಸುತ್ತಾಳೆ. ಮೀನು ಅವನ ಕೈಯಲ್ಲಿ ತಣ್ಣಗೆ, ಭಾರವಾಗಿ ಮಲಗಿತ್ತು. ನಾಲ್ಕು ಎಂದರೆ ಆರನೆಯ ಪಂಜರ ಮುಗಿಯಿತು. ಹೆರ್ಬೋರ್ಗ್ ಮಂಡಿಯೂರಿ ಇಳಿಸಿದ್ದೆಲ್ಲ ಮುಗಿಯಿತು, ಮತ್ತು ಮುಗಿಸಿದವನು ಅವನೇ. ಮೂರು ವಾರದ ಹಿಂದೆ ಮೂರು ಎಂದಿದ್ದರೆ ಇವು ಇವತ್ತು ನೆಗೆಯುತ್ತಿದ್ದವು.

“ನಾಲ್ಕು,” ಎಂದ. ಮತ್ತೆ ಹೇಳಿದ. “ನಾಲ್ಕು. ಎರಡಲ್ಲ. ಕೆಟ್ಟುಹೋಗಿದೆ.”

ಯೂರುನ್ ಒತ್ತಿದಳು.

ಉಳಿದವನ್ನೂ ಅವನೇ ನೋಡಿದ. ಬೇಕಾದರೆ ನಾನು ನೋಡುತ್ತೇನೆ ಎಂದು ಯೇವಾ ಕೈಚಾಚಿದಳು, ಅವನು ಕೊಡಲಿಲ್ಲ. ನಾಲ್ಕು. ನಾಲ್ಕು. ಐದು. ಮೂರು ಎಂದು ಒಮ್ಮೆ ಬಂದಾಗ ಆಸೆಯಿಂದ ಆ ಮೀನನ್ನು ತಿರುಗಿಸಿ ಆಚೆ ಬದಿ ನೋಡಿದ, ಅಲ್ಲಿ ಐದಿತ್ತು. ಕೂಗುತ್ತ ಕೂಗುತ್ತ ಅವನಿಗೆ ಒಂದು ಬಗೆಯ ಹುಚ್ಚು ನಿರಾಳವೂ ಬಂತು, ಅದರ ಬಗ್ಗೆ ನಾಚಿಕೆಯೂ ಆಯಿತು. ಎಲ್ಲ ಮುಗಿದ ಮೇಲೆ ಯೇವಾ ಕೈ ತೊಳೆದುಕೊಂಡು, “ಯಾವಾಗಿಂದ ಹೀಗಿದೆ?” ಎಂದಳು.

“ಮೂರು ವಾರದಿಂದಾನೇ.”

“ಫೋನಲ್ಲಿ ಪರವಾಗಿಲ್ಲ ಅಂದ್ರಲ್ಲ.”

“ಅಂದೆ.”

ಅವಳು ಪಂಜರದ ಕಡೆ ನೋಡಿದಳು. “ಈಗ ಸಿಹಿನೀರಿಗೆ ಎಳೆದ್ರೆ ಹಡಗಲ್ಲೇ ಸಾಯ್ತವೆ,” ಎಂದಳು, “ಅಷ್ಟು ಸಂಕಟ ಯಾಕೆ ಅವಕ್ಕೆ. ಕೊಲ್ಲೋ ಹಡಗನ್ನೇ ಕರೆಸ್ತೀನಿ. ನೀವು ಸ್ವಲ್ಪ ಕೂತ್ಕೊಳ್ಳಿ ಐಲಿವ್, ಮುಖ ಬಿಳಿಚಿಕೊಂಡಿದೆ.” ಫೋನು ಹಿಡಿದು ಬಾರ್ಜಿನೊಳಕ್ಕೆ ಹೋದಳು. ತನ್ನ ಮಗಳ ವಯಸ್ಸಿನವಳು, ಮಗಳಿದ್ದಿದ್ದರೆ. ಅವಳು ಬಯ್ಯದೆ ಹೋದದ್ದು ಅವನನ್ನು ಹಲಗೆಯ ಮೇಲೆ ಕುಕ್ಕರಿಸಿಬಿಟ್ಟಿತು.

ಯೂರುನ್ ತೊಟ್ಟಿಯ ನೀರು ಚೆಲ್ಲಿ, ಕೈಬಲೆ ಒದರಿ, ಬಂದು ಅವನ ಪಕ್ಕದಲ್ಲಿ ಕೂತಳು. ಇಬ್ಬರ ಬೂಟುಗಳೂ ನೀರಿನ ಮೇಲೆ ತೂಗುತ್ತಿದ್ದವು. ಕೆಳಗೆ ಬಾಯಿಗಳು ತೆರೆದು ಮುಚ್ಚುತ್ತಿದ್ದವು.

“ಬಯ್ಯೋದಾದ್ರೆ ಬೈದುಬಿಡು,” ಎಂದ.

“ಬೈದು ಏನಾಗ್ಬೇಕು. ನಾನೂ ಒತ್ತಿದವಳೇ ಅಲ್ವಾ.”

“ಯೂರುನ್, ನಾನು ಅವಳಿಗೂ ಹಿಂಗೇ ಮಾಡಿದೆ.” ಹೇಳಬಾರದು ಎಂದುಕೊಂಡಿದ್ದ, ಬಂದುಬಿಟ್ಟಿತು. “ಆಸ್ಪತ್ರೇಲಿ. ಡಾಕ್ಟ್ರು ಕೇಳಿದಾಗೆಲ್ಲ ಅವಳು ಪರವಾಗಿಲ್ಲ ಅಂತಿದ್ಲು. ಆ ಥರ, ಉಸಿರೆಳ್ಕೊಂಡು. ನಂಗೊತ್ತಿತ್ತು. ನನ್ ಹೆಂಡ್ತಿಗೆ ಪ್ರಾಣ ಹೋಗ್ತಿದೆ ಕಣ್ರೀ, ಇನ್ನಷ್ಟು ಮದ್ದು ಕೊಡಿ ಅಂತ ಹೇಳ್ಬೇಕಿತ್ತು. ಒಂದು ಮಾತು. ಟೋಪಿ ಹಿಡ್ಕೊಂಡು ಕೂತಿದ್ದೆ. ಅವಳು ನರಳಿ ನರಳಿ ಸತ್ಲು, ನಾನು ನೋಡ್ತಾ ಕೂತಿದ್ದೆ.”

ಯೂರುನ್ ಕೈಗವಸು ಬಿಚ್ಚಿದಳು, ಒಂದರೊಳಗೊಂದು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

“ಇಷ್ಟು ದಿನ ಇದನ್ನ ಹೊತ್ಕೊಂಡು ಓಡಾಡ್ತಿದ್ಯಾ?”

ಅವನ ಕೈ ಜೇಬಿಗೆ ಹೋಗಿ ಜಜ್ಜಿದ ಬನ್ನನ್ನು ಮುಟ್ಟಿತು.

“ಅಕ್ಕ ನರಳಿ ಸಾಯ್ಲಿಲ್ಲ, ಮಾರಾಯ. ಡಾಕ್ಟ್ರಿಗೆ ಎಲ್ಲ ಹೇಳಿದ್ಲು. ಎರಡನೇ ದಿನವೇ. ಮದ್ದು ಏರಿಸಿದ್ರು, ಮತ್ತೂ ಏರಿಸಿದ್ರು. ಕೊನೇಲಿ ಅವಳಿಗೆ ನೋವಿರ್ಲಿಲ್ಲ, ನಾನೇ ಕೇಳಿದೀನಿ.”

“ಯಾವಾಗ ಹೇಳಿದ್ಲು? ದಿನಾ ನಾನು ಅಲ್ಲೇ ಇದ್ನಲ್ಲ.”

“ನೀನು ಕಾಫಿ ತರೋಕೆ ಹೋದಾಗ.”

ಅವನಿಗೆ ಅರ್ಥವಾಗಲಿಲ್ಲ. ಯೂರುನ್ ಅವನ ಕಡೆ ನೋಡದೆ, ನೀರನ್ನೇ ನೋಡುತ್ತ ಹೇಳಿದಳು. “ಐಲಿವ್, ಕೆಳಗೆ ಹೋಗಿ ಒಂದು ಕಾಫಿ ತಗೊಂಬಾ ಅಂತ ದಿನಾ ನಿನ್ನ ಕಳಿಸ್ತಿದ್ಲಲ್ಲ. ಅವಳಿಗಾಗ ನೀರೂ ಒಳಗೆ ಇಳೀತಿರ್ಲಿಲ್ಲ. ಕಾಫಿ ಯಾರು ಕುಡೀತಿದ್ರು? ನಿಂಗೆ ಅನ್ನಿಸ್ಲೇ ಇಲ್ವಾ?”

ಅನ್ನಿಸಿರಲಿಲ್ಲ. ಲಿಫ್ಟಿನಲ್ಲಿ ಕೆಳಗೆ ಹೋಗಿ, ಸಾಲಿನಲ್ಲಿ ನಿಂತು, ಲೋಟದ ಮೇಲೆ ಮುಚ್ಚಳ ಒತ್ತಿ, ಚೆಲ್ಲದ ಹಾಗೆ ತಂದು ಮಂಚದ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದ. ಅದು ಅಲ್ಲೇ ಆರಿಹೋಗುತ್ತಿತ್ತು. ಪರಿಮಳ ಬೇಕಿತ್ತೇನೋ ಅವಳಿಗೆ ಎಂದುಕೊಂಡಿದ್ದ. ಕೋಣೆಯಿಂದ ಹೊರಬಿದ್ದಾಗ ಅವನಿಗೆ ಹಾಯೆನ್ನಿಸುತ್ತಿತ್ತು, ಇದು ಈಗ ನೆನಪಾಯಿತು, ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದ. ಒಮ್ಮೆ ಕೆಳಗೆ ಸಿಕ್ಕ ಯಾರದೋ ಜೊತೆ ಕಾಡ್ ಮೀನಿನ ಮಾತಾಡುತ್ತ ಅರ್ಧ ಗಂಟೆ ನಿಂತುಬಿಟ್ಟಿದ್ದ.

“ನೀನು ಬಾಗಿಲು ದಾಟಿದ ತಕ್ಷಣ ನನ್ನ ಕೈ ಹಿಡ್ಕೊಂಡು ಅಳ್ತಿದ್ಲು,” ಎಂದಳು ಯೂರುನ್. “ಹಂಗೆ ಹಿಂಗಲ್ಲ. ಕೂಗ್ತಿದ್ಲು. ಸಾಯೋದು ಬೇಡ ಕಣೇ ಅಂತಿದ್ಲು. ಮನೇಲಿ ನಿನ್ನೊಬ್ಬನ್ನೇ ಬಿಟ್ಟು ಹೋಗ್ಬೇಕಲ್ಲ ಅಂತಿದ್ಲು. ನಿನ್ನ ಬೂಟಿನ ಸದ್ದು ಕೇಳಿದ್ರೆ ಸಾಕು, ಮುಖ ಒರೆಸು ಒರೆಸು ಅಂತ ನಂಗೆ ಅವಸರ ಮಾಡೋಳು. ನಿನ್ನೆದುರಿಗೆ ಇಷ್ಟೇ ಮದ್ದು ಸಾಕು ಅನ್ನಿ ಅಂತ ಡಾಕ್ಟ್ರಿಗೂ ಹೇಳಿಟ್ಟಿದ್ಲು.”

“ನನ್ನೆದುರಿಗೆ ಯಾಕಿಲ್ಲ?”

“ನೀನು ತಡ್ಕೊಳ್ಳಲ್ಲ ಅಂತ.”

ಇಷ್ಟು ತಿಂಗಳು ಅವಳಿಗೆ ತಾನೊಂದು ಮಾತು ಸಾಲ ಉಳಿಸಿಕೊಂಡಿದ್ದೇನೆ ಎಂದು ಕೊರಗಿದ್ದ. ಅವಳಿಗೆ ಬೇಕಾಗಿದ್ದದ್ದು ಅವನ ಮಾತಲ್ಲ, ಅವನು ಕೋಣೆಯಲ್ಲಿ ಇಲ್ಲದಿರುವುದು. ಸಾಯುವ ಹೆಂಗಸು, ಇರುವ ಅಷ್ಟು ಹೊತ್ತಿನಲ್ಲಿ ಒಂದಿಷ್ಟು ಅಳುವುದಕ್ಕೆ, ಗಂಡನನ್ನು ಹೊರಗೆ ಕಳಿಸಲು ನೆಪ ಹುಡುಕಬೇಕಾಗಿತ್ತು. ನೋವಿನಲ್ಲಿ ಸತ್ತಳು ಎಂಬ ತಪ್ಪು ಅವನಿಂದ ಇಳಿದುಹೋಯಿತು, ಅದರ ಜಾಗದಲ್ಲಿ ಬಂದು ಕೂತದ್ದಕ್ಕೆ ಹೆಸರು ತಿಳಿಯಲಿಲ್ಲ. ಹಳೆಯದೇ ವಾಸಿಯಿತ್ತು ಅನ್ನಿಸಿತು. ಹಳೆಯದರಲ್ಲಿ ಅವನು ಕಡೇಪಕ್ಷ ಆ ಕುರ್ಚಿಯಲ್ಲಿ ಅವಳ ಜೊತೆಗಿದ್ದ.

ಬಾರ್ಜಿನ ಬಾಗಿಲು ತೆರೆದು ಯೇವಾ ತಲೆ ಹೊರಹಾಕಿದಳು. ಹಡಗು ನಾಳೆ ಬೆಳಿಗ್ಗೆಯೇ ಬರುತ್ತದಂತೆ, ಬೇರೆ ಕಡೆ ಹೊರಟಿದ್ದನ್ನು ಇತ್ತ ತಿರುಗಿಸಿದ್ದಾರಂತೆ. ಯೂರುನ್ ಕೈಯೆತ್ತಿ ಆಯಿತೆಂದಳು. ಬಾಗಿಲು ಮುಚ್ಚಿತು. ಎತ್ತಿದ ಕೈಯನ್ನು ಇಳಿಸುವಾಗ ಅವಳ ಗಲ್ಲ ಒಂದು ಸಲ ನಡುಗಿತು, ಇನ್ನೊಂದು ಸಲ ನಡುಗಿತು, ಅವಳು ಗಟ್ಟಿಯಾಗಿ ಮೂಗೆಳೆದುಕೊಂಡು ಆಚೆ ತಿರುಗಿದಳು.

“ಒಳಗೆ ಹೋಗಿ ಒಂದಿಷ್ಟು ಕಾಫಿ ತಗೊಂಬಾ ಐಲಿವ್,” ಎಂದಳು. “ಚಳಿ ಆಗ್ತಿದೆ.”

ಅವನು ಎದ್ದ. ಹೇಳಿದ್ದನ್ನು ತರುವುದು ಮೈಗೆ ರೂಢಿಯಾಗಿತ್ತು. ಹಲಗೆಯ ಮೇಲೆ ಸ್ವಲ್ಪ ದೂರ ಹೋಗಿಯೂ ಬಿಟ್ಟಿದ್ದ. ಅಲ್ಲಿ ನಿಂತ. ಹಿಂದೆ ತಿರುಗಿ ಬಂದು, ಕಂಬಿ ಹಿಡಿದುಕೊಂಡು, ಮಂಡಿ ನೋಯುತ್ತಿದ್ದುದರಿಂದ ಮೆಲ್ಲಗೆ, ಎದ್ದ ಜಾಗದಲ್ಲೇ ಮತ್ತೆ ಕೂತ.

“ಹೋಗಲ್ಲ,” ಎಂದ. “ನೀನು ಅಳು. ನಾನು ಇಲ್ಲೇ ಇರ್ತೀನಿ.”

“ಹೋಗೋ, ಸುಮ್ನೆ.”

“ಇಲ್ಲ.”

ಯೂರುನ್ ಇನ್ನಷ್ಟು ಹೊತ್ತು ತಡೆದುಕೊಂಡಳು. ಆಮೇಲೆ ತಡೆಯಲಿಲ್ಲ. ಕೈಗವಸುಗಳನ್ನು ಬಾಯಿಗೆ ಒತ್ತಿಕೊಂಡು, ಭುಜಗಳನ್ನು ಕುಗ್ಗಿಸಿ, ಒಳಗಿಂದ ಕಿತ್ತು ಕಿತ್ತು ಬರುವಂತೆ ಅತ್ತಳು. ಅವನು ಆಚೆ ನೋಡಲಿಲ್ಲ. ಅಕ್ಕತಂಗಿಯರ ನಗು ಒಂದೇ ಥರ ಇತ್ತು, ನಡಿಗೆ ಒಂದೇ ಥರ ಇತ್ತು, ಅಳುವೂ ಹೀಗೇ ಇತ್ತೇನೋ. ಹೋಲಿಸಿ ನೋಡಲು ಅವನ ಬಳಿ ಏನೂ ಇರಲಿಲ್ಲ.